ಮೂರು ಸಲ ಅಳಿಸಿದ ತಾರೀಖು

ದೆವ್ವ, ಶಕುನ, ಸತ್ತವರ ಸಂದೇಶ ಇಂಥ ಮಾತು ಶುರುವಾದರೆ ಚಹಾದ ನೆಪ ಹೇಳಿ ಎದ್ದು ಹೋಗುವವನು ನಾನು. ತಂದೆ ಪೌರೋಹಿತ್ಯ ಮಾಡುತ್ತಿದ್ದರು, ನಾನು ಕಂಪ್ಯೂಟರ್ ಹಿಡಿದೆ. ಅಜ್ಜನ ಕಾಲದಿಂದ ಬಂದ ಹಳೆಯ ಪಂಚಾಂಗಗಳನ್ನೆಲ್ಲ ಅವರು ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದರು. ಮುಗಿದ ವರ್ಷದ ಪಂಚಾಂಗ ಯಾವ ಕೆಲಸಕ್ಕೆ ಬರುತ್ತದೆ ಎಂದು ನಾನು ಛೇಡಿಸಿದಾಗಲೆಲ್ಲ, "ನಿನ್ನ ಮಷೀನಿಗೂ ವರ್ಷಕ್ಕೊಮ್ಮೆ ವಯಸ್ಸಾಗ್ತದ. ನೀ ಒಗೀತಿ, ನಾ ಒಗಿಯೂದಿಲ್ಲ, ಅಷ್ಟ ಫರಕು" ಎನ್ನುತ್ತಿದ್ದರು. ಇದನ್ನೆಲ್ಲ ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ನನಗೆ ಸುಲಭ. ನಂಬಿ ಎಂದು ನಿಮಗೆ ಹೇಳುತ್ತಿಲ್ಲ. ನಾನೇ ಪೂರ್ತಿ ನಂಬಿಲ್ಲ.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಊರಿನ ಹೆಸರು ಬೋರ್ಡುಗಳಲ್ಲಿ ಇನ್ನೂ ಗುಲ್ಬರ್ಗಾ ಎಂದೇ ಇತ್ತು. ಗಾಜಿಪುರದಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ನಾನೂ ರಫೀಕ್ ಭಾಯಿಯೂ ಪಾಲುದಾರರಾಗಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದೆವು. ಅವರು ನನಗಿಂತ ಹತ್ತು ವರ್ಷ ದೊಡ್ಡವರು, ಮಾತು ಕಡಿಮೆ, ಕೈ ಚುರುಕು. ಹಲವು ಶಾಲೆಗಳನ್ನು ನಡೆಸುವ ಒಂದು ಸಂಸ್ಥೆ ತನ್ನ ಶಿಕ್ಷಕರ ಮಾಹಿತಿಯನ್ನೆಲ್ಲ ವೆಬ್‌ನಲ್ಲಿ ನೋಡುವಂತೆ ಮಾಡಿಕೊಡಿ ಎಂದು ನಮ್ಮನ್ನು ಕೇಳಿತ್ತು. ಅದಕ್ಕಾಗಿ ನಾವು ಒಂದು ಟೂಲ್ ಬಳಸುತ್ತಿದ್ದೆವು. ಅದರಲ್ಲಿ ಪ್ರತಿಯೊಂದು ಕಾಲಮ್ಮಿಗೂ ಅದರ ಜಾತಿ ಯಾವುದು ಎಂದು ಮೊದಲೇ ಹೇಳಿಡಬೇಕು: ಇದು ಅಕ್ಷರ, ಇದು ಅಂಕಿ, ಇದು ತಾರೀಖು. ನಮ್ಮ ಭಾಷೆಯಲ್ಲಿ ಅದಕ್ಕೆ ಡೇಟಾ ಟೈಪ್. ಅದೊಂದು ಕೆಟ್ಟರೆ ಯಂತ್ರಕ್ಕೆ ತಲೆ ಯಾವುದು, ಕಾಲು ಯಾವುದು ಎಂಬುದೇ ತಿಳಿಯುವುದಿಲ್ಲ.

ಆ ಏಪ್ರಿಲ್‌ನಲ್ಲಿ ಅದೇ ಕೆಟ್ಟಿತು. ಕರೆಂಟು ಹೋಗಿ ಬಂದು, ಕಪನೂರಿನಿಂದ ತಂದ ಹಳೆ ಬ್ಯಾಟರಿ ಕೈಕೊಟ್ಟು, ಕಂಪ್ಯೂಟರ್ ಮತ್ತೆ ಎದ್ದಾಗ ಟೈಪುಗಳೆಲ್ಲ ಅದಲುಬದಲಾಗಿದ್ದವು. ಹುಟ್ಟಿದ ತಾರೀಖುಗಳ ಜಾಗದಲ್ಲಿ ಐದಂಕಿಯ ಸಂಖ್ಯೆಗಳು. ನಮ್ಮೂರಿನ ಮನೆ ನಂಬರುಗಳು 5-4, 11-3 ಎಂದಿರುತ್ತವಲ್ಲ, ಅವೆಲ್ಲ ತಾರೀಖಾಗಿ ಕೂತಿದ್ದವು. ಒಬ್ಬ ಮುಖ್ಯಗುರುಗಳ ಮನೆ ಏಪ್ರಿಲ್ ಐದಕ್ಕೆ ಹೋಗಿಬಿಟ್ಟಿತ್ತು. ನಗು ಬಂದರೂ ನಗುವ ಹೊತ್ತಲ್ಲ, ಏಕೆಂದರೆ ಆ ವರ್ಷ ನಿವೃತ್ತರಾಗುವವರ ವಿವರವನ್ನು ಎರಡು ದಿನದೊಳಗೆ ಕೊಡಬೇಕಿತ್ತು. ತಾರೀಖು ತಾಳೆಯಾಗದವರ ಕಾಗದ ಅಲ್ಲಿಗೇ ನಿಲ್ಲುತ್ತದೆ, ಆಮೇಲೆ ಅವರು ವರ್ಷಗಟ್ಟಲೆ ಕಚೇರಿ ಅಲೆಯಬೇಕು ಎಂದು ಸಂಸ್ಥೆಯವರು ಎಚ್ಚರಿಸಿದ್ದರು.

ಹಾಳಾದ ಟೈಪುಗಳನ್ನೆಲ್ಲ ಅಳಿಸಿ, ಹೊಸದಾಗಿ ಬರೆದು, ಮಾಹಿತಿಯನ್ನು ಮತ್ತೆ ತುಂಬಿದೆ. ಎಲ್ಲ ಸರಿಹೋಯಿತು. ಹಿರಿಯ ಶಿಕ್ಷಕರ ಸಾಲಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಜೂನ್ ಒಂದು, ಜೂನ್ ಒಂದು, ಜೂನ್ ಒಂದು. ಇದು ಯಂತ್ರದ ತಪ್ಪಲ್ಲ, ನಮ್ಮ ಮಾಸ್ತರರದು. ಹಿಂದೆ ಹುಟ್ಟಿದ ದಿನ ಗೊತ್ತಿಲ್ಲದ ಮಗುವನ್ನು ಶಾಲೆಗೆ ಕರೆತಂದರೆ ಅವರು ಮುಖ ನೋಡಿ ವರ್ಷ ಹೇಳಿ, ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ಹಾಗಾಗಿ ನಮ್ಮ ಭಾಗದಲ್ಲಿ ಒಂದು ತಲೆಮಾರೇ ಜೂನ್ ಒಂದಕ್ಕೆ ಹುಟ್ಟಿದೆ.

ಒಬ್ಬರದು ಮಾತ್ರ ಬೇರೆ ಇತ್ತು. ಕುಸುಮಬಾಯಿ, ಸಹಶಿಕ್ಷಕಿ, ಕಮಲಾಪುರ. ಕಾಗದದಲ್ಲಿ 1947ರ ಜೂನ್ ಒಂದು. ಪರದೆಯ ಮೇಲೆ 1948ರ ಆಗಸ್ಟ್ ಇಪ್ಪತ್ನಾಲ್ಕು. ಟೈಪ್ ಮಾಡುವಾಗ ಕೈ ತಪ್ಪಿರಬೇಕು ಎಂದು ತಿದ್ದಿ ಉಳಿಸಿದೆ. ಮತ್ತೆ ತೆರೆದರೆ ಆಗಸ್ಟ್ ಇಪ್ಪತ್ನಾಲ್ಕು. ತಾರೀಖಿನ ಟೈಪನ್ನೇ ಇನ್ನೊಮ್ಮೆ ಅಳಿಸಿ ಬರೆದು, ತಿದ್ದಿದೆ. ಮತ್ತೆ ಅದೇ. ಕೊನೆಗೆ ಆ ಬಾಯಿಯವರ ಇಡೀ ದಾಖಲೆಯನ್ನೇ ಕಿತ್ತುಹಾಕಿ, ಇನ್ನೊಂದು ಕಂಪ್ಯೂಟರಿನಲ್ಲಿ ಹೊಸ ನಂಬರಿನಿಂದ ರಫೀಕ್ ಭಾಯಿ ಕೈಯಿಂದಲೇ ತುಂಬಿಸಿದೆ. ನಾನು ಓದಿದೆ, ಅವರು ಹೊಡೆದರು. ಉಳಿಸಿ, ತೆರೆದೆವು. ಆಗಸ್ಟ್ ಇಪ್ಪತ್ನಾಲ್ಕು.

"ಇದು ಜಿದ್ದಿಗೆ ಬಿದ್ದದ ನೋಡ್ರಿ. ಬಾಯಾರನ್ನೇ ಕರಸ್ರಿ" ಎಂದರು ರಫೀಕ್ ಭಾಯಿ.

ಮರುದಿನ, ಕೊನೆಯ ದಿನ, ಕುಸುಮಬಾಯಿ ಮೂಲ ಸರ್ಟಿಫಿಕೇಟು ಹಿಡಿದು ಕಮಲಾಪುರದ ಬಸ್ಸಿಗೆ ಬಂದರು. ಸರಿಯಾಗಿ ಮಧ್ಯಾಹ್ನ. ಸಣ್ಣ ದೇಹ, ಕಾಟನ್ ಸೀರೆ, ಚೀಲದಲ್ಲಿ ನಮಗೆಂದು ತಂದ ಕೆಂಪು ಬಾಳೆಹಣ್ಣು. ಮೆಟ್ಟಿಲು ಹತ್ತಿ ಬಂದವರಿಗೆ ಏದುಸಿರು. ನಾನು ಸ್ವಲ್ಪ ಸಿಡುಕಿನಿಂದಲೇ ಪರದೆ ತೋರಿಸಿ, ನಿಮ್ಮ ತಾರೀಖೊಂದು ನನ್ನ ಪ್ರಾಣ ತಿನ್ನುತ್ತಿದೆ ಎಂದೆ. ಈಗಲೂ ಆ ಸಿಡುಕು ನೆನೆದರೆ ನಾಚಿಕೆಯಾಗುತ್ತದೆ.

ಅವರು ಕನ್ನಡಕ ಏರಿಸಿ ನೋಡಿದರು. ಆಮೇಲೆ, "ತಮ್ಮಾ, ಅವತ್ತು ಯಾವ ವಾರ ಇತ್ತು, ಅದರಾಗ ತಿಳೀತದೇನು?" ಎಂದರು.

ತೆಗೆದು ನೋಡಿದೆ. ಮಂಗಳವಾರ.

ಕುಸುಮಬಾಯಿ ಕುರ್ಚಿ ಹುಡುಕಿ ಕೂತರು. ರಫೀಕ್ ಭಾಯಿ ಎದ್ದು ಪಂಖಾವನ್ನು ಅವರ ಕಡೆ ತಿರುಗಿಸಿ, ಒಂದು ಗ್ಲಾಸು ನೀರು ಕೊಟ್ಟರು. ಆಗ ಅವರು ಹೇಳಿದ್ದನ್ನು ನನಗೆ ನೆನಪಿರುವಷ್ಟು ಬರೆಯುತ್ತೇನೆ. ನಿಜಾಮನ ಕಾಲದ ರಜಾಕಾರರ ಗದ್ದಲದ ವರ್ಷ. ಊರು ಬಿಟ್ಟು ಸೊಲ್ಲಾಪುರದ ಕಡೆ ಹೊರಟ ಬಂಡಿಯಲ್ಲಿ ಅವರ ತಾಯಿ ತುಂಬಿದ ಬಸುರಿ. ಮದುವೆಯಾಗಿ ಎರಡನೆಯ ವರ್ಷ. ಶ್ರಾವಣ ಮಂಗಳವಾರದ ಗೌರಿಪೂಜೆ ತಪ್ಪಿಸಬಾರದೆಂದು ಬಂಡಿಯಲ್ಲೇ ಅರಿಶಿನದ ಗೌರಿ ಮಾಡಿ ಪೂಜಿಸಿದರಂತೆ. ಅಂದೇ ಹೊಲದ ಬದುವಿನಲ್ಲಿ ಹೆರಿಗೆಯಾಯಿತು. ಮಗು ಉಳಿಯಿತು, ತಾಯಿ ಉಳಿಯಲಿಲ್ಲ. ತಂದೆ ಕೂಸನ್ನು ತಂದು ಸೊಲ್ಲಾಪುರದ ನಿರಾಶ್ರಿತರ ಶಿಬಿರದಲ್ಲಿದ್ದ ಅಜ್ಜಿಯ ಮಡಿಲಿಗೆ ಹಾಕಿ, ಮಂಗಳಗೌರಿಯ ದಿನ ಹೋದಳು ಎಂದಷ್ಟೇ ಹೇಳಿದರು. ಎರಡು ದಿನಕ್ಕೆ ವಾಂತಿಭೇದಿಯಾಗಿ ಅವರೂ ಹೋದರು. ಯಾವ ಮಂಗಳವಾರ ಎಂದು ಕೇಳಲು ಯಾರೂ ಉಳಿಯಲಿಲ್ಲ. ಮುಂದೆ ಕಮಲಾಪುರದ ಶಾಲೆಯಲ್ಲಿ ಅಜ್ಜಿ ಒಂದು ವರ್ಷ ಹೆಚ್ಚು ಹೇಳಿ ಸೇರಿಸಿದರು, ಮಾಸ್ತರರು ಜೂನ್ ಒಂದು ಬರೆದರು.

"ಶ್ರಾವಣದಾಗ ನಾಕು ಮಂಗಳವಾರ ಬರ್ತಾವ, ಒಮ್ಮೊಮ್ಮೆ ಐದು. ಅದರಾಗ ನಮ್ಮವ್ವಂದು ಯಾವುದು ಅಂತ ಗೊತ್ತಿಲ್ಲ. ಅದಕ್ಕ ಎಲ್ಲಾ ಮಂಗಳವಾರನೂ ಉಪವಾಸ ಮಾಡ್ಕೋತ ಬಂದೀನಿ, ತಮ್ಮಾ. ತಿಥಿ ತಿಳಿದಿದ್ರ ಒಂದ ದಿನ ಕೂತು ಅತ್ತು ಮುಗಿಸ್ತಿದ್ದೆ."

ರಫೀಕ್ ಭಾಯಿ ಮೆಲ್ಲಗೆ, "ನಮ್ಮ ದಾದಾ, ಅಜ್ಜ, ಅವರೂ ಅದೇ ವರ್ಷ ಹೋದ್ರು, ಬಾಯಾರ. ಒಂದೀಟು ದಿನ ಆದಮ್ಯಾಲ, ಫೌಜು ಬಂದ ಗದ್ದಲದಾಗ. ಮನಿ ಬಿಟ್ಟು ಹೊರಗ ಹೋದವರು ಬರಲೇ ಇಲ್ಲ. ಯಾವ ದಿನ ಅಂತ ನಮ್ಮ ಮನ್ಯಾಗೂ ಯಾರಿಗೂ ಗೊತ್ತಿಲ್ಲ" ಎಂದರು. ಆರು ವರ್ಷ ಒಟ್ಟಿಗೆ ಕೆಲಸ ಮಾಡಿದ್ದೆವು, ಈ ಮಾತು ನಾನು ಕೇಳಿದ್ದು ಅಂದೇ. ಕುಸುಮಬಾಯಿ ರಫೀಕ್ ಭಾಯಿಯ ಮುಖ ನೋಡಿ ತಲೆಯಾಡಿಸಿ, ಒಂದು ಬಾಳೆಹಣ್ಣು ಬಿಡಿಸಿ ಅವರ ಕೈಗಿತ್ತರು.

ನಮ್ಮ ಮನೆ ಎರಡೇ ಗಲ್ಲಿ ಆಚೆ. ತಿಥಿ ನೋಡಿಸಲು ನಾನೂ ಕುಸುಮಬಾಯಿಯೂ ಹೋದೆವು. ವಿಷಯ ಕೇಳಿದ ತಂದೆ ನನ್ನನ್ನು ಒಂದು ಸಲ ನೋಡಿದರು. ಅಟ್ಟದ ಗಂಟು ಇಳಿಸಿ 1948ರ, ಅಂದರೆ ಸರ್ವಧಾರಿ ಸಂವತ್ಸರದ ಪಂಚಾಂಗ ಹುಡುಕಿ ತೆಗೆದರು. ಅಂಚೆಲ್ಲ ಹುಳು ತಿಂದಿತ್ತು, ಆ ಪುಟ ನೆಟ್ಟಗಿತ್ತು. ಆಗಸ್ಟ್ ಇಪ್ಪತ್ನಾಲ್ಕು: ಶ್ರಾವಣ ಬಹುಳ ಪಂಚಮಿ, ಮಂಗಳವಾರ. ಕುಸುಮಬಾಯಿ ಅಕ್ಷರಗಳ ಮೇಲೆ ಬೆರಳಿಟ್ಟುಕೊಂಡು ಓದಿದರು, ಮಕ್ಕಳಿಗೆ ಓದು ಕಲಿಸುವವರ ಹಾಗೆ.

ಮರಳಿ ಬಂದು ಕಂಪ್ಯೂಟರ್ ಮುಂದೆ ಕೂತಾಗ ನನ್ನ ಕೈ ಏಳಲಿಲ್ಲ. ಸಂಜೆಯೊಳಗೆ ವಿವರ ಕಳಿಸಬೇಕು, ಸರ್ಟಿಫಿಕೇಟಿನಲ್ಲಿ ಜೂನ್ ಒಂದೇ ಇದೆ. ಇದನ್ನು ಅಳಿಸಿದರೆ ಏನನ್ನೋ ಕೊಂದಂತಾಗುತ್ತದೆ ಎಂದು ನನಗೆ ಅನ್ನಿಸಿತು, ಈ ನಾಸ್ತಿಕನಿಗೆ. ಕುಸುಮಬಾಯಿಯೇ ಧೈರ್ಯ ಹೇಳಿದರು.

"ಜೂನ್ ಒಂದು ಹೊಡೀರಿ, ತಮ್ಮಾ. ಅದು ಸರ್ಕಾರದ್ದು, ಅದಕ್ಕ ಇರಲಿ. ಇದನ್ನ ನಾ ಒಯ್ತೀನಿ."

ಜೂನ್ ಒಂದು ಹೊಡೆದೆ. ಉಳಿಸಿ, ಮುಚ್ಚಿ, ತೆರೆದೆ. ಜೂನ್ ಒಂದು. ಹತ್ತು ಸಲ ತೆರೆದೆ. ಆಗಸ್ಟ್ ಇಪ್ಪತ್ನಾಲ್ಕು ಮತ್ತೆ ಬರಲಿಲ್ಲ. ಮೇ ಕೊನೆಗೆ ಕುಸುಮಬಾಯಿ ಯಾವ ತೊಡಕೂ ಇಲ್ಲದೆ ನಿವೃತ್ತರಾದರು. ಶ್ರಾವಣ ಕಳೆದ ಮೇಲೆ ಒಂದು ದಿನ ಫೋನ್ ಮಾಡಿದರು. "ಈ ಸಲ ಪಂಚಮಿ ಬುಧವಾರ ಬಂದಿತ್ತು. ಅದೊಂದ ದಿನ ಉಪವಾಸ ಮಾಡ್ದೆ. ನಾಕೂ ಮಂಗಳವಾರ ಹೊಟ್ಟಿತುಂಬ ಉಂಡೆ, ತಮ್ಮಾ" ಎಂದು ಹೇಳಿ ನಕ್ಕರು, ಆಮೇಲೆ ಸ್ವಲ್ಪ ಅತ್ತರು.

ಯಂತ್ರದೊಳಗೆ ತಾರೀಖು ಅಂದರೆ ದಿನಗಳ ಒಂದು ಎಣಿಕೆ, ಅಷ್ಟೆ. ಆ ಅಂಕಿ ಕೆಟ್ಟರೆ ಯಾವ ದಿನ ಬೇಕಾದರೂ ಬರಬಹುದು. ಹೀಗೆ ನನಗೆ ನಾನೇ ಸಾವಿರ ಸಲ ಹೇಳಿಕೊಂಡಿದ್ದೇನೆ. ಆದರೆ ಬೇರೆ ಕಂಪ್ಯೂಟರಿನಲ್ಲೂ ಅದೇ ದಿನ ಏಕೆ? ಕುಸುಮಬಾಯಿ ನೋಡಿದ ಮೇಲೆ ನಿಂತದ್ದೇಕೆ? ಬಲ್ಲವರನ್ನು ಕೇಳಿದ್ದೇನೆ. ಒಬ್ಬೊಬ್ಬರದು ಒಂದೊಂದು ಉತ್ತರ, ಯಾವುದೂ ಪೂರ್ತಿ ಹೊಂದುವುದಿಲ್ಲ.

ಕೆಲವು ವರ್ಷಗಳ ನಂತರ ಆ ಹಳೆ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡಿದೆ. ಶಿಕ್ಷಕರ ಪಟ್ಟಿಯ ಕಟ್ಟಕಡೆಗೆ ಯಾವ ಶಾಲೆಗೂ ಸೇರದ ಒಂದು ಹೆಸರಿತ್ತು. ರಫೀಕ್ ಭಾಯಿಯ ಅಜ್ಜನದು. ದಾಖಲೆಯ ಸಮಯ ನೋಡಿದರೆ, ಕುಸುಮಬಾಯಿ ಬಂದುಹೋದ ಸಂಜೆಯೇ ರಫೀಕ್ ಭಾಯಿ ಸೇರಿಸಿದ್ದು. ತಾರೀಖಿನ ಜಾಗವನ್ನು ಅವರು ಖಾಲಿ ಬಿಟ್ಟಿದ್ದರು. ಅದು ಇನ್ನೂ ಖಾಲಿಯೇ ಇತ್ತು. ನಾನು ಆ ಕಂಪ್ಯೂಟರನ್ನು ಗುಜರಿಗೆ ಹಾಕಲಿಲ್ಲ.