ಭಾವ ಬೀಳಲಿಲ್ಲ

ನಾನು ನಿಂತಿದ್ದುದು ಭಾವನ ಬೆನ್ನ ಹಿಂದೆ, ಸ್ವಲ್ಪ ಬಲಕ್ಕೆ, ಎರಡು ಮಾರು ದೂರದಲ್ಲಿ. ಖಾರ್ಘರ್ ಗುಡ್ಡದ ಕೆಳಗಿರುವ ಗಾಲ್ಫ್ ಅಭ್ಯಾಸದ ಮೈದಾನ. ಕಳೆದ ವರ್ಷ ಜನವರಿಯ ಒಂದು ಶನಿವಾರ, ಬೆಳಿಗ್ಗೆ ಏಳೂವರೆ ಕಳೆದಿತ್ತು. ಅಲ್ಲಿಂದ ನನಗೆ ನೇರವಾಗಿ ಕಾಣುತ್ತಿದ್ದುದು ಅವರ ಬಲಗಾಲಿನ ಬೂಟಿನ ಅಟ್ಟೆ. ಹಿಮ್ಮಡಿ ಪೂರ್ತಿ ಮೇಲೆದ್ದು, ಬೆರಳ ತುದಿ ಮಾತ್ರ ಚೆಂಡು ಹೊಡೆಯಲು ಹಾಸಿದ ಚಾಪೆಗೆ ತಾಗಿತ್ತು. ಹೆಬ್ಬೆರಳಿನ ಬುಡದಲ್ಲಿ ಅಟ್ಟೆ ನಾಣ್ಯದಷ್ಟಗಲ ಸವೆದಿತ್ತು. ಆ ಬೆಳಿಗ್ಗೆ ಅವರು ಬಿದ್ದರು ಎಂದು ಈಗ ನೆಂಟರೆಲ್ಲ ಹೇಳುತ್ತಾರೆ. ಅದಕ್ಕಾಗಿಯೇ ಇದನ್ನು ನಿಧಾನವಾಗಿ ಬರೆಯುತ್ತಿದ್ದೇನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಉಡುಪಿ ಕಡೆಯವರು. ಮನೆ ಐರೋಲಿಯಲ್ಲಿ, ನೌಕರಿ ರಬಾಳೆಯ ಒಂದು ಯಂತ್ರದ ಕಂಪನಿಯ ಮಾರಾಟ ವಿಭಾಗದಲ್ಲಿ. ಹೊರದೇಶದಿಂದ ಬಂದ ಗಿರಾಕಿಗಳನ್ನು ಗಾಲ್ಫ್ ಆಡಲು ಕರೆದೊಯ್ಯುವ ಕೆಲಸ, ನಲವತ್ತು ದಾಟಿದ ಮೇಲೆ, ಇವರ ಪಾಲಿಗೆ ಬಂತು. ಆಮೇಲೆ ಗಿರಾಕಿಗಳು ಬರುವುದು ನಿಂತಿತು, ನೌಕರಿಯೂ ಮುಗಿಯಿತು, ಗಾಲ್ಫ್ ಮಾತ್ರ ಉಳಿಯಿತು. ಅದರಲ್ಲೂ ಅವರಿಗೆ ಹಿಡಿದದ್ದು ಒಂದೇ ವಿಷಯ: ಚೆಂಡನ್ನು ಹೊಡೆಯುವುದು ಕೈಯಲ್ಲ, ಸೊಂಟದಿಂದ ಕೆಳಗಿನ ಭಾಗ. ಕೋಲು ಮೇಲಿಂದ ಇಳಿಯುವ ಮೊದಲೇ ಸೊಂಟ ಗುರಿಯ ಕಡೆ ತಿರುಗಬೇಕು, ಭಾರವೆಲ್ಲ ಎಡಗಾಲಿಗೆ ಹೋಗಬೇಕು, ಭುಜ ಮತ್ತು ಕೈ ಅದರ ಹಿಂದೆ ಬರಬೇಕು.

ಇಷ್ಟನ್ನು ಮೈದಾನದಲ್ಲಿ ಹೇಳಿ ಬಿಟ್ಟಿದ್ದರೆ ಯಾರಿಗೂ ತಕರಾರಿರಲಿಲ್ಲ. ಆದರೆ ಅವರನ್ನು ಕಟ್ಟಿಕೊಂಡು ಎಲ್ಲಿಗೂ ಹೋಗುವಂತಿರಲಿಲ್ಲ. ಮಾಜಿವಾಡಾದ ಬಸ್ ಸ್ಟಾಪಿನಲ್ಲಿ ಕೊಡೆ ಬೀಸಿ ತೋರಿಸುತ್ತಿದ್ದರು. ಪಕ್ಕದವರು ಬೈದುಕೊಂಡು ಸರಿಯುತ್ತಿದ್ದರು. ಒಮ್ಮೆ ಠಾಣೆ ಪಟ್ಟಣದಲ್ಲಿ ನೆಂಟರ ಮದುವೆ. ವರ ಹಾರ ಹಾಕಲು ಕೈ ಎತ್ತಿದ ಹೊತ್ತಿಗೆ ಸರಿಯಾಗಿ ನನ್ನ ಕಿವಿಯ ಹತ್ತಿರ ಬಾಗಿ, "ಬರೀ ಕೈ ಮಾರಾಯ. ಸೊಂಟ ಎಂಬುದೇ ಇಲ್ಲ ಇವನಿಗೆ," ಎಂದರು. ಮುಂದಿನ ಸಾಲಿನಲ್ಲಿದ್ದ ವರನ ಸೋದರತ್ತೆ ತಿರುಗಿ ನೋಡಿದರು. ಅಕ್ಕ ಊಟ ಮುಗಿಯುವವರೆಗೆ ನಮ್ಮಿಬ್ಬರ ಹತ್ತಿರವೂ ಮಾತಾಡಲಿಲ್ಲ.

ಅಂಥವರ ಎಡಗಡೆಯ ಸೊಂಟದ ಕೀಲೇ ಸವೆಯಿತು. ಕೀಲು ಬದಲಿಸಬೇಕು, ಅಲ್ಲಿಯವರೆಗೆ ಕೋಲು ಬೀಸಕೂಡದು ಎಂದು ವೈದ್ಯರು ಹೇಳಿದರು. ಎರಡನೆಯದಕ್ಕೆ ಭಾವ ತಲೆಯಾಡಿಸಿದರು, ಮೊದಲನೆಯದನ್ನು ಮುಂದೂಡುತ್ತ ಹೋದರು. ಉಕ್ಕಿನ ಕೀಲು ಹಾಕಿದರೆ ಸೊಂಟ ಮೊದಲಿನಂತೆ ತಿರುಗುವುದಿಲ್ಲ ಎಂಬ ಹೆದರಿಕೆ. ಅಕ್ಕ ನನಗೆ ಫೋನ್ ಮಾಡಿ, ಶನಿವಾರ ಅವರೊಟ್ಟಿಗೆ ಹೋಗು, ಕಲಿಯುವ ನೆಪ ಮಾಡು, ಅವರು ಹೊಡೆಯದ ಹಾಗೆ ನೋಡಿಕೋ ಎಂದಳು. ನನಗೆ ಗಾಲ್ಫ್ ಬೇಕಿರಲಿಲ್ಲ. ಡೊಂಬಿವಲಿಯಿಂದ ಖಾರ್ಘರ್‌ಗೆ ರಜೆಯ ದಿನ ನಸುಕಿನಲ್ಲೇ ಹೊರಡುವುದಂತೂ ಬೇಕೇ ಇರಲಿಲ್ಲ. ಹೋದೆ.

ನೆಪ ಅವರಿಗೆ ಮೊದಲ ದಿನವೇ ತಿಳಿಯಿತು. ತಿಳಿದೂ ಕಲಿಸಿದರು, ಬಿಡಲಿಲ್ಲ. ನನ್ನ ಕಾಲು ನೆಲಕ್ಕೆ ಹೂತ ಹಾಗೆ ನಿಲ್ಲುತ್ತಿತ್ತು, ಸೊಂಟದ ಮೇಲಿನ ಭಾಗ ಮಾತ್ರ ತಿರುಗುತ್ತಿತ್ತು, ಚೆಂಡು ಹುಲ್ಲಿನಲ್ಲಿ ಉರುಳಿ ನಿಲ್ಲುತ್ತಿತ್ತು. ಅವರು ಅದಕ್ಕೆ ಡೊಂಬಿವಲಿ ಕಾಲು ಎಂದು ಹೆಸರಿಟ್ಟರು. ಹೆಸರು ತಪ್ಪಲ್ಲ. ಬೆಳಗಿನ ಲೋಕಲ್‌ನಲ್ಲಿ ಕಾಲು ಎಲ್ಲಿ ಊರಿತೋ ಅಲ್ಲೇ ಇರಬೇಕು. ದಿವಾ ಸ್ಟೇಷನ್ನಿನಲ್ಲಿ ಇನ್ನಷ್ಟು ಜನ ನುಗ್ಗಿದಾಗ ಮಂಡಿ ಬಿಗಿಹಿಡಿದು, ಚೀಲವನ್ನು ಎದೆಗೆ ಒತ್ತಿಕೊಂಡು, ಭುಜವನ್ನಷ್ಟೇ ತಿರುಗಿಸಿ ಜಾಗ ಮಾಡಿಕೊಳ್ಳಬೇಕು. ಡೊಂಬಿವಲಿಯಿಂದ ಠಾಣೆಯವರೆಗೆ ಇಪ್ಪತ್ತು ವರ್ಷ ಹಾಗೆ ನಿಂತವನ ಕಾಲು ಖಾರ್ಘರ್‌ನಲ್ಲಿ ಸಡಿಲವಾಗುತ್ತದೆಯೇ? "ಇಲ್ಲಿ ಟ್ರೈನ್ ಇಲ್ಲ ಭಾವ, ಹುಲ್ಲು ಉಂಟು. ಕಾಲು ಬಿಡು," ಎನ್ನುತ್ತಿದ್ದರು. ನಮ್ಮ ಕಡೆ ಹೆಂಡತಿಯ ತಮ್ಮನೂ ಭಾವನೇ. ಪಕ್ಕದ ಚಾಪೆಯ ದಂತವೈದ್ಯೆಗೆ ನಗು. ಕಲ್ಯಾಣದಿಂದ ಬರುತ್ತಿದ್ದ ಆಕೆಯದೂ ಅದೇ ಕಾಲು, ಆದರೆ ಅವಳನ್ನು ಅವರು ಬೈಯುತ್ತಿರಲಿಲ್ಲ.

ಆ ಶನಿವಾರ ಅಕ್ಕನೂ ಬಂದಿದ್ದಳು, ನನ್ನ ಕಾವಲಿನ ಮೇಲೆ ನಂಬಿಕೆ ಸಾಲದೆ. ನಾನು ಎಂದಿನಂತೆ ಹೊಡೆದೆ, ಚೆಂಡು ಎಂದಿನಂತೆ ಉರುಳಿತು. ಭಾವ ಹಣೆ ಒತ್ತಿಕೊಂಡರು. ಆಮೇಲೆ ಬೈಯದೆ ಕೇಳಿದರು.

"ಠಾಣೆಯಲ್ಲಿ ಹೇಗೆ ಇಳಿಯುದು ನೀನು? ಮೊದಲು ಭುಜ ತೂರಿಸ್ತೀಯಾ?"

ಇಲ್ಲ. ಭುಜ ಮುಂದೆ ಹಾಕಿದವನು ಸಿಕ್ಕಿಬೀಳುತ್ತಾನೆ. ಮುಂದಿನವರ ನಡುವೆ ಮೊದಲು ಸೊಂಟ ಬಾಗಿಲ ಕಡೆ ತಿರುಗಬೇಕು, ಭಾರ ಆ ಕಡೆಯ ಕಾಲಿಗೆ ಹೋಗಬೇಕು, ಭುಜವೂ ಚೀಲವೂ ತಾವಾಗಿ ಹಿಂದೆ ಬರುತ್ತವೆ. ಹಾಗೆಂದು ಹೇಳಿದೆ.

"ಹಾಗಾದ್ರೆ ಇಳಿ. ಠಾಣೆ ಬಂತು," ಎಂದರು.

ನಾನು ಠಾಣೆಯಲ್ಲಿ ಇಳಿದೆ. ಚೆಂಡು ಎದ್ದು ಹೋಯಿತು. ಅಷ್ಟು ದೂರ ನನ್ನಿಂದ ಯಾವುದೂ ಹೋದದ್ದಿಲ್ಲ. ಭಾವ ಚೀಲದಿಂದ ತಮ್ಮ ಕೋಲು ಎಳೆದರು. ಬೇಡ ಎಂದೆ. ವೈದ್ಯರ ಮಾತು ನೆನಪಿಸಿದೆ. ಅಕ್ಕ ಹಿಂದಿನ ಬೆಂಚಿನಲ್ಲಿ ನಮಗೆ ಬೆನ್ನು ಮಾಡಿ ಕೂತು ಫ್ಲಾಸ್ಕ್ ತೆರೆಯುತ್ತಿದ್ದಳು. ಅವರು ಆ ಕಡೆ ನೋಡಿ ದನಿ ತಗ್ಗಿಸಿದರು. "ಅವಳು ಚಾ ಬಗ್ಗಿಸುವಷ್ಟರಲ್ಲಿ ಮುಗೀತದೆ."

ಹೊಡೆದರು. ಸೊಂಟ ಮೊದಲು ತಿರುಗಿತು, ಕೈ ಆಮೇಲೆ. ಚೆಂಡು ಗುಡ್ಡದ ಕಡೆ ಏರಿ, ಮೈದಾನದ ಕೊನೆಗೆ ಕಟ್ಟಿದ ಬಲೆಯ ಮುಂದೆ ಇಳಿಯಿತು. ಅವರು ಕೊನೆಯ ಭಂಗಿಯಲ್ಲಿ ನಿಂತರು: ಹೊಟ್ಟೆ ಗುರಿಯ ಕಡೆ, ಭಾರವೆಲ್ಲ ಎಡಗಾಲಿನ ಮೇಲೆ, ಬಲ ಹಿಮ್ಮಡಿ ಮೇಲೆದ್ದು. ಆಗಲೇ ನಾನು ಆ ಅಟ್ಟೆಯನ್ನು ನೋಡುತ್ತಿದ್ದುದು. ಚೆಂಡು ನಿಂತ ಮೇಲೂ ಅವರು ಆ ಭಂಗಿಯಿಂದ ಇಳಿಯಲಿಲ್ಲ. ಜಂಬ ಎಂದುಕೊಂಡೆ. "ಅಂಕಲ್, ಬಸ್ ಆತಾ, ಫೋಟೊ ಕಾಢಲಾ," ಎಂದು ದಂತವೈದ್ಯೆ ಮರಾಠಿಯಲ್ಲಿ ಚೇಷ್ಟೆ ಮಾಡಿದಳು, ಫೋಟೊ ತೆಗೆದದ್ದಾಯಿತು ಸಾಕು ಎಂಬಂತೆ. ಭಾವ ನಗಲಿಲ್ಲ. ತಲೆ ತಿರುಗಿಸದೆ, ಮೆಲ್ಲಗೆ, "ಭಾವ, ನನ್ನನ್ನು ಹಿಡ್ಕೋ," ಎಂದರು.

ಕಂಕುಳಿಗೆ ಕೈ ಕೊಟ್ಟು ಹಿಡಿದೆ. ದಂತವೈದ್ಯೆ ಕುರ್ಚಿ ತಂದಳು, ಕೂರಿಸಿದೆವು. ಅಕ್ಕ ತಿರುಗಿ ನೋಡಿದಾಗ ಅವರು ಬೆವರಿ ಕುರ್ಚಿಯಲ್ಲಿದ್ದರು.

ಸೊಂಟದ ಮೂಳೆಯಲ್ಲಿ ಸೀಳು ಬಿದ್ದಿತ್ತು. ಆ ಹೊಡೆತದಲ್ಲೇ ಬಿತ್ತೋ ಮೊದಲೇ ಇತ್ತೋ ವೈದ್ಯರಿಗೂ ಹೇಳಲಾಗಲಿಲ್ಲ. ಕೀಲು ಬದಲಿಸಿದರು. ನೋಡಲು ಬಂದವರಿಗೆಲ್ಲ ಅಕ್ಕ, ಗಾಲ್ಫ್ ಆಡಲು ಹೋಗಿ ಬಿದ್ದರು ಎನ್ನುತ್ತಿದ್ದಳು. ಪ್ರತಿ ಸಲ ಭಾವ ಮಂಚದಿಂದ ನನ್ನ ಮುಖ ನೋಡುತ್ತಿದ್ದರು. ಒಮ್ಮೆ ಅವಳು ಒಳಗೆ ಹೋದಾಗ ಹೇಳಿದರು: "ಕಾಲು ಹೋದದ್ದು ಹೋಯ್ತು. ಬಿದ್ದೆ ಅಂತ ಮಾತ್ರ ಯಾರೂ ಹೇಳಬೇಡಿ ಮಾರಾಯ. ಬಿದ್ರೆ ಹೊಡೆದದ್ದು ತಪ್ಪು ಅಂತ ಆಯ್ತಲ್ಲ. ನೀನು ನೋಡಿದ್ದೀ, ನೀನು ಹೇಳು." ಹೇಳಿದೆ, ಹಲವು ಸಲ. ನೀನು ಅವರ ಪಕ್ಷದವ ಎಂದು ಅಕ್ಕ ತಳ್ಳಿಹಾಕಿದಳು. ಭಾವ ವಾಕರ್ ಹಿಡಿದು ಮನೆಯೊಳಗೆ ಓಡಾಡಿಕೊಂಡಿದ್ದರು. ಮಳೆಗಾಲ ಮುಗಿಯುವಾಗ ಒಂದು ಮಧ್ಯಾಹ್ನ ಊಟವಾಗಿ ಮಲಗಿದವರು ಏಳಲಿಲ್ಲ, ಹೃದಯ ನಿಂತಿತ್ತು. ಬಂದ ನೆಂಟರು, ಅಂದು ಬಿದ್ದವರು ಚೇತರಿಸಿಕೊಳ್ಳಲೇ ಇಲ್ಲ ಎಂದರು.

ಠಾಣೆಯಲ್ಲಿ ಇಳಿಯುವಾಗ ಈಗಲೂ ನನ್ನ ಸೊಂಟ ಮೊದಲು ತಿರುಗುತ್ತದೆ. ಆಗೆಲ್ಲ ಅವರ ಮೇಲೆ ಸಿಟ್ಟು ಬರುತ್ತದೆ. ಸುಮ್ಮನೆ ಇಳಿಯುತ್ತಿದ್ದವನಿಗೆ ಅದನ್ನೊಂದು ಪಾಠ ಮಾಡಿಟ್ಟು ಹೋದರು.

ಭಾವ ಬೀಳಲಿಲ್ಲ. ಚೆಂಡು ಇಳಿಯುವ ತನಕ ನಿಂತಿದ್ದರು, ನಾನು ಹಿಡಿಯುವ ತನಕವೂ ನಿಂತಿದ್ದರು. ಕಂಡವರಲ್ಲಿ ಇಂದಿಗೂ ಇರುವವರು ನಾನಲ್ಲದೆ ಕಲ್ಯಾಣದ ಆ ದಂತವೈದ್ಯೆ, ಮತ್ತು ಬಲೆಯ ಹತ್ತಿರ ಪೈಪ್ ಹಿಡಿದು ಹುಲ್ಲಿಗೆ ನೀರು ಬಿಡುತ್ತಿದ್ದ ಮುದುಕ ಮಾಲಿ. ಅಕ್ಕನೂ ಇದ್ದಾಳೆ. ಆದರೆ ಅವಳು ಚಾ ಬಗ್ಗಿಸುತ್ತಿದ್ದಳು.