ಗೋಣಿ ಪರದೆಯ ಹಿಂದಿನ ತಪಾಸಣೆ

ಯಾರಾದರೂ ಮೈ ಮುಟ್ಟಿದರೆ ನನಗೆ ಆಗದು. ಬಸ್ಸಿನಲ್ಲಿ ಪಕ್ಕದವರ ತೋಳು ತಾಗಿದರೂ ಕಿಟಕಿಯ ಕಡೆ ಸರಿಯುವವಳು ನಾನು. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮುಗಿಸಿದ ಮೇಲೆ ಇಂಥವಳಿಗೆ ಸಿಕ್ಕಿದ ಮೊದಲ ಕೆಲಸವೆಂದರೆ ದಿನಾ ಸಂಜೆ ಹತ್ತಾರು ಹೆಂಗಸರ ಮೈ ಮುಟ್ಟಿ ನೋಡುವುದು.

ಎಂಬತ್ತರ ದಶಕದ ಮೊದಲ ವರ್ಷಗಳವು. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಾನು ಲೇಡಿ ಸೆಕ್ಯುರಿಟಿ. ಎಸ್ಟೇಟುಗಳಿಂದ ಲಾರಿಯಲ್ಲಿ ಬಂದ ಕಾಫಿಯ ಸಿಪ್ಪೆ ತೆಗೆದ ಮೇಲೆ, ಕಪ್ಪು ಬೀಜ, ಒಡಕು ಬೀಜ ಆರಿಸುವುದಕ್ಕೆ ಹೆಂಗಸರು ಉದ್ದನೆಯ ಶೆಡ್ಡಿನಲ್ಲಿ ಸಾಲಾಗಿ ಕೂರುತ್ತಿದ್ದರು. ಸಂಜೆ ಗಂಟೆ ಹೊಡೆದ ಕೂಡಲೇ ಅವರು ಒಬ್ಬೊಬ್ಬರಾಗಿ ಗೇಟಿನ ಪಕ್ಕದ ತಗಡಿನ ಕೋಣೆಗೆ ಬಂದು, ಗೋಣಿ ಪರದೆಯ ಹಿಂದೆ ಎರಡೂ ಕೈ ಮೇಲೆತ್ತಿ ನನ್ನೆದುರು ನಿಲ್ಲಬೇಕಿತ್ತು. ತುರುಬು, ಸೆರಗಿನ ಮಡಿಕೆ, ರವಿಕೆ, ಸೊಂಟ, ಬುತ್ತಿ ಡಬ್ಬಿ, ಎಲ್ಲೂ ಬೀಜ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಅವರನ್ನು ಹೊರಗೆ ಬಿಡುತ್ತಿದ್ದೆ.

ಮೊದಲ ದಿನ ನನ್ನ ಕೈ ನಡುಗಿ ಅಲ್ಲಲ್ಲೇ ಮತ್ತೆ ಮತ್ತೆ ತಡಕಾಡುತ್ತಿದ್ದಾಗ ವಸ್ತಾರೆ ಕಡೆಯಿಂದ ಬರುತ್ತಿದ್ದ, ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ಪರದೆಯ ಹೊರಗಿನವರಿಗೆ ಕೇಳುವಂತೆ ಹೇಳಿದರು: "ಮೇಡಂ ಮೈಯೆಲ್ಲಾ ಹುಡುಕ್ತಾರೆ ಕಣ್ರೇ. ನಮ್ಮ ಮನೆಯವ್ರೂ ಇಷ್ಟು ಹುಡುಕಿರಲಿಲ್ಲ ಮಾರಾಯ್ತಿ!" ಸಾಲಿಗೆ ಸಾಲೇ ನಕ್ಕಿತು. ನನಗೆ ಮುಖ ಎತ್ತಲಾಗಲಿಲ್ಲ.

ನಮ್ಮ ಸೆಕ್ಯುರಿಟಿ ಆಫೀಸರು ಮಿಲಿಟರಿಯಿಂದ ನಿವೃತ್ತರಾಗಿ ಬಂದವರು. ಬೆಳಿಗ್ಗೆ ಕಾಫಿ ಹರಡುವ ಮೊದಲು ಸಿಮೆಂಟಿನ ಕಣದಲ್ಲಿ ಗಾರ್ಡುಗಳಿಗೆಲ್ಲ ಓಟ, ಕಸರತ್ತು. ಹೆಂಗಸು ನಾನೊಬ್ಬಳೇ. ಖಾಕಿ ಸೀರೆ ಎತ್ತಿ ಸಿಕ್ಕಿಸಿ, ಕ್ಯಾನ್ವಾಸ್ ಶೂ ಹಾಕಿ ನಾನು ಓಡುವುದನ್ನು ಕೆಲಸಕ್ಕೆ ಬಂದ ಹೆಂಗಸರು ಗೇಟಿನ ಕಂಬಿಯ ಸಂದಿಯಿಂದ ನೋಡುತ್ತಿದ್ದರು. ಒಮ್ಮೆ ಅರ್ಧ ಸುತ್ತಿಗೇ ಉಸಿರು ಕಟ್ಟಿ ನಿಂತುಬಿಟ್ಟೆ.

"ನೋಡಮ್ಮ, ಹೆದರಿಕೆ ಬಂದಾಗ ಜನ ಉಸಿರು ಹಿಡೀತಾರೆ. ಸೋಲೋದು ಅಲ್ಲೇ," ಅಂದರು ಆಫೀಸರು. "ಮೊದಲು ಉಸಿರು ಬಿಡು. ತಗೊಳ್ಳೋದು ತಾನಾಗೇ ಆಗ್ತದೆ. ಇನ್ನೊಂದು ಮಾತು. ತಪಾಸಣೆ ಮಾಡುವಾಗ ಮುಖ ನೋಡಬೇಡ. ಎಲ್ಲರನ್ನೂ ಒಂದೇ ಥರ ನೋಡು, ದಿನಾ ಒಂದೇ ಥರ ನೋಡು. ಪಾಪ ಅಂತ ಒಬ್ಬರನ್ನ ಬಿಟ್ಟರೆ ಕೆಲಸ ಕೆಟ್ಟಿತು."

ಹಾಗೇ ಮಾಡಿದೆ. ಓಡಿ ಓಡಿ ಬಂದಿದ್ದ ಕಾಲಿನ ಊತ ಇಳಿಯಿತು, ಬೆನ್ನು ನೆಟ್ಟಗಾಯಿತು. ಹೆದರಿಕೆ ಹೋಗಲಿಲ್ಲ, ಅದು ಕೈಯವರೆಗೆ ಬರುವುದು ಮಾತ್ರ ನಿಂತಿತು.

ಒಂದು ಸಂಜೆ ಆ ವಸ್ತಾರೆಯ ಹೆಂಗಸಿನ ರವಿಕೆಯ ಎಡಗಡೆ, ಕಂಕುಳಿಗೆ ಹತ್ತಿರ, ಗಟ್ಟಿಯಾದದ್ದೇನೋ ಕೈಗೆ ಸಿಕ್ಕಿತು. ಬಟ್ಟೆಯಲ್ಲಿ ಗಂಟು ಕಟ್ಟಿದ ಬೀಜ ಹೀಗೇ ಇರುತ್ತದೆ. ಆ ವಾರವೇ ಇನ್ನೊಬ್ಬರ ಬಳಿ ಅಂಥದೊಂದು ಸಿಕ್ಕಿತ್ತು.

"ತೆಗೀರಿ," ಅಂದೆ.

ಅವರು ನಗಲಿಲ್ಲ. "ಅದು ತೆಗೆಯಕ್ಕೆ ಬರಲ್ಲ ಮೇಡಂ."

"ತೆಗೀರಿ. ಇಲ್ಲಾಂದ್ರೆ ಆಫೀಸರನ್ನ ಕರೀಬೇಕಾಗ್ತದೆ."

ಅವರು ಒಂದು ಕೈ ಇಳಿಸಿ, ನನ್ನ ಬೆರಳುಗಳನ್ನು ಹಿಡಿದು ಅಲ್ಲೇ ಒತ್ತಿದರು. ಬಟ್ಟೆಯ ಗಂಟಲ್ಲ ಅದು. ಒತ್ತಿದರೂ ಜರುಗದ, ಮೈಯೊಳಗೇ ಊರಿಕೊಂಡ ಗಡ್ಡೆ.

ಹೊರಗಿನಿಂದ ಯಾರೋ ಕೂಗಿದರು: "ಒಳಗೇನು ಸಂಸಾರ ಹೂಡಿದ್ಯೇನೇ? ಬಸ್ ಹೋಗ್ತದೆ!"

"ಬಂದೆ, ಸುಮ್ನಿರೇ," ಅಂತ ಅವರು ಎಂದಿನ ದನಿಯಲ್ಲೇ ಕೂಗಿ, ನನಗೆ ಮಾತ್ರ ಕೇಳುವಂತೆ "ಯಾರಿಗೂ ಹೇಳ್ಬೇಡಿ" ಅಂದು ಹೊರಟುಹೋದರು.

ಮಾರನೆಯ ಸಂಜೆ ಎಡಗಡೆಗೆ ಕೈ ಹೋಗಲಿಲ್ಲ. "ಯಾಕೆ ಬಿಟ್ರಿ? ನೋಡಿ," ಅಂದರು. ನೋಡಿದೆ. ಅವರು ಪಿಸುಗುಟ್ಟಿದರು: "ದೊಡ್ಡದಾಗಿದೆಯಾ?"

"ನನಗೇನು ಗೊತ್ತಾಗ್ತದೆ? ಡಾಕ್ಟರಿಗೆ ತೋರಿಸಿ."

"ನಮ್ಮಕ್ಕನಿಗೂ ಹೀಗೇ ಆಗಿತ್ತು. ಡಾಕ್ಟರು ಕೊಯ್ದರು. ಆಮೇಲೆ ಅವಳು ಮನೆಗೆ ಬರಲೇ ಇಲ್ಲ." ಮೇಲೆತ್ತಿದ ಕೈ ಹಾಗೇ ಇತ್ತು. "ನಾನೇ ಮುಟ್ಟಿಕೊಳ್ಳೋಕೆ ಹೆದರಿಕೆ ಮೇಡಂ. ನೀವು ಹೆಂಗಿದ್ರೂ ದಿನಾ ಮುಟ್ತೀರಿ. ದೊಡ್ಡದಾದರೆ ಹೇಳಿ, ಹೋಗ್ತೀನಿ. ಇಲ್ಲಾಂದ್ರೆ ಬರೀ ಗಂಟು ಅಂತ ಬಿಟ್ಟುಬಿಡ್ತೀನಿ."

ಅವತ್ತಿನಿಂದ ಗೇಟಿನ ಕೆಲಸದಲ್ಲಿ ನನಗೆ ಕಳ್ಳತನದ ಯೋಚನೆಯೇ ಉಳಿಯಲಿಲ್ಲ. ಮಧ್ಯಾಹ್ನ ಕಳೆಯುತ್ತಿದ್ದಂತೆ ಸಂಜೆಯ ಗಂಟೆಗೇ ಕಿವಿಗೊಡುತ್ತಿದ್ದೆ. ಸಾಲು ಮುಂದೆ ಬರುತ್ತಿತ್ತು, ಸಾಲಿನಲ್ಲಿ ಅವರ ನಗೆ ಕೇಳುತ್ತಿತ್ತು, ಪರದೆ ಸರಿಯುತ್ತಿತ್ತು. ಉಸಿರು ಬಿಟ್ಟು, ನಿನ್ನೆ ಮುಟ್ಟಿದ ಹಾಗೆಯೇ ಮುಟ್ಟುತ್ತಿದ್ದೆ. ಗಡ್ಡೆ ಅಷ್ಟೇ ಇರುತ್ತಿತ್ತು. "ಇಲ್ಲ," ಅನ್ನುತ್ತಿದ್ದೆ. ಅವರು ಹಗುರಾಗಿ ಹೊರಗೆ ಹೋಗುತ್ತಿದ್ದರು. ಆ "ಇಲ್ಲ" ನಿಜವೇ ಆಗಿತ್ತು, ಆದರೆ ಅದೇ ಅವರನ್ನು ಡಾಕ್ಟರಿಂದ ದೂರ ಇಡುತ್ತಿತ್ತು. ದೊಡ್ಡದಾದ ಮೇಲೆ ಹೋದರೆ ಏನು ಪ್ರಯೋಜನ ಅಂತ ಕೇಳಿಕೊಳ್ಳಲು ವೈದ್ಯಶಾಸ್ತ್ರ ಓದಬೇಕಾಗಿರಲಿಲ್ಲ. ಯಾರ ಹತ್ತಿರವಾದರೂ ಹೇಳೋಣವೆಂದರೆ ಯಾರಿಗೂ ಹೇಳಬೇಡಿ ಅಂದಿದ್ದರು.

ಕಾಫಿ ಹೂವಿನ ಮಳೆ ಬಿದ್ದು ಎಂಟು ಹತ್ತು ದಿನವಾಗಿತ್ತು. ಊರ ತುಂಬ ಹೂವಿನ ವಾಸನೆ, ಕೆಲಸಕ್ಕೆ ಬಂದವರ ಮುಡಿಯಲ್ಲೂ ಅದೇ. ಸಂಜೆ ಎಂದಿನಂತೆ ವಸ್ತಾರೆಯ ಹೆಂಗಸು ಕೈ ಎತ್ತಿ ನಿಂತರು. ನನ್ನ ಬೆರಳಿಗೆ ಹೊಸದೇನೂ ಸಿಗಲಿಲ್ಲ.

"ದೊಡ್ಡದಾಗಿದೆಯಾ?"

"ಆಗಿದೆ," ಅಂದೆ.

ಅವರ ಕೈಗಳು ಮೆಲ್ಲಗೆ ಇಳಿದವು. ಸುಳ್ಳು ಹೇಳಿದ ಕ್ಷಣವೇ ಅದನ್ನು ವಾಪಸು ತೆಗೆದುಕೊಳ್ಳಬೇಕೆನ್ನಿಸಿತು. ಇವರೂ ಅಕ್ಕನ ಹಾಗೆ ಮನೆಗೆ ಬರದೇ ಹೋದರೆ? ಅಲ್ಲಿಗೆ ಕಳಿಸಿದವಳು ನಾನಾಗುತ್ತೇನೆ. "ಭಾನುವಾರ ಹೋಗೋಣ. ನಾನೂ ಬರ್ತೀನಿ," ಅಂತ ಮಾತ್ರ ಸೇರಿಸಿದೆ.

ಭಾನುವಾರ ಊರಿನ ಲೇಡಿ ಡಾಕ್ಟರ್ ಬಾಗಿಲು ಹಾಕಿಕೊಂಡು ಅವರನ್ನು ಬಹಳ ಹೊತ್ತು ನೋಡಿದರು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಮಂಗಳೂರಿಗೆ ಹೋಗಬೇಕು, ತಡ ಮಾಡಬಾರದು ಅಂದರು ಡಾಕ್ಟರು. ಆ ಹೆಂಗಸಿನ ತಮ್ಮ ಬಂದು ಅವರನ್ನು ಕರೆದುಕೊಂಡು ಹೋದ. ಚಾರ್ಮಾಡಿ ಘಾಟಿ ಇಳಿಯುವ ಮಂಗಳೂರು ಬಸ್ಸಿನ ಕಿಟಕಿಯಿಂದ ಅವರು ನನ್ನನ್ನು ನೋಡಿದರು.

ಆ ಸೀಸನ್ ಮುಗಿಯಿತು, ಮಳೆಗಾಲ ಬಂತು. ವಸ್ತಾರೆಯಿಂದ ಸುದ್ದಿ ಇಲ್ಲ. ಸಾಲಿನಲ್ಲಿ ಉಳಿದವರು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು, ನಾನು ಕಿವಿಗೊಡದವಳ ಹಾಗೆ ಕೈ ಆಡಿಸುತ್ತಿದ್ದೆ. ಬೆಳಿಗ್ಗೆ ಮಾತ್ರ ಒಂದು ದಿನವೂ ಓಟ ತಪ್ಪಿಸಲಿಲ್ಲ. ಕಣ ಒದ್ದೆಯಾಗಿದ್ದರೆ ಗೋದಾಮಿನ ಸೂರಿನ ಕೆಳಗೆ ಓಡುತ್ತಿದ್ದೆ.

"ಯಾರಮ್ಮ ಅಟ್ಟಿಸಿಕೊಂಡು ಬರ್ತಿರೋದು?" ಅಂತ ಆಫೀಸರು ಕೇಳಿದರು. ನಗುವುದಕ್ಕೆ ಪ್ರಯತ್ನಪಟ್ಟೆ. ಓಡುವಷ್ಟು ಹೊತ್ತು ಆ "ಆಗಿದೆ" ಅನ್ನುವ ಮಾತು ಕೇಳಿಸುತ್ತಿರಲಿಲ್ಲ, ಅಷ್ಟೇ.

ಮುಂದಿನ ಸೀಸನ್ನಿನಲ್ಲಿ ಒಂದು ಬೆಳಿಗ್ಗೆ ಗೇಟಿನ ಕಂಬಿಯ ಆಚೆ ವಸ್ತಾರೆಯ ಆ ಹೆಂಗಸು ನಿಂತಿದ್ದರು. ಮೈ ಅರ್ಧಕ್ಕೆ ಇಳಿದಿತ್ತು. "ಮೇಡಂ ಈಗ ಕುದುರೆ ಓಡಿದ ಹಾಗೆ ಓಡ್ತಾರೆ!" ಅಂತ ಅವರು ಅಂದಾಗ ನಾನು ಕಣದ ಮಧ್ಯದಲ್ಲಿ ನಿಂತುಬಿಟ್ಟೆ.

ಆದರೆ ಆಪರೇಷನ್ ಆದ ಮೇಲೆ ಅವರ ಎಡಗೈ ಭುಜದ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಗೋಡೆಗೆ ಬೆರಳಿಟ್ಟು ದಿನಾ ಮೇಲೆ ಮೇಲೆ ಹತ್ತಿಸಬೇಕು ಅಂತ ಮಂಗಳೂರಿನಲ್ಲಿ ಹೇಳಿ ಕಳಿಸಿದ್ದರಂತೆ, ನೋವಿಗೆ ಹೆದರಿ ಬಿಟ್ಟಿದ್ದರು. ಬೆಳಗಿನ ಗಂಟೆಗೆ ಮೊದಲು ಗೋದಾಮಿನ ಗೋಡೆಯ ಹತ್ತಿರ ನಾವಿಬ್ಬರೂ ನಿಲ್ಲತೊಡಗಿದೆವು. ಅವರ ಬೆರಳು ಜೇಡದ ಹಾಗೆ ಗೋಡೆ ಹತ್ತುತ್ತಿತ್ತು, ಮುಖ ಬಿಳಿಚಿಕೊಳ್ಳುತ್ತಿತ್ತು, ಒಳಗೆ ಏನೋ ಹರಿದುಹೋದೀತೆಂದು ನನಗೆ ನಡುಕ. ಆ ದಾರಿಯಲ್ಲಿ ಬಂದ ಆಫೀಸರು ಒಮ್ಮೆ ನಿಂತು ನೋಡಿ, "ಉಸಿರು ಬಿಡೋಕೆ ಹೇಳಮ್ಮ," ಅಂದು ಹೋದರು.

ಎರಡೂ ಕೈ ಮೇಲೆತ್ತಿ ಅವರು ಪರದೆಯ ಹಿಂದೆ ನಿಂತ ಮೊದಲ ಸಂಜೆ, ಎಡಗೈ ನಡುಗುತ್ತಿತ್ತು. ನಾನು ಮುಟ್ಟುವ ಮೊದಲೇ ಬಲಗೈ ಇಳಿಸಿ, ರವಿಕೆಯ ಎಡಗಡೆಯೊಳಗಿಂದ ಹಳೆ ಸೀರೆಯ ಬಟ್ಟೆ ಮಡಚಿ ಹೊಲಿದ ಒಂದು ದಿಂಡನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು.

"ನೋಡ್ಕೊಳ್ಳಿ ಮೇಡಂ. ಇದನ್ನ ತೆಗೀಬಹುದು."

ಅವರು ನಕ್ಕರು, ನನಗೆ ನಗು ಬರಲಿಲ್ಲ. ಒತ್ತಿ ನೋಡಿ ಹಿಂದಕ್ಕೆ ಕೊಟ್ಟೆ. ಇನ್ನು ಬಲಗಡೆ ಉಳಿದಿತ್ತು. ಅಲ್ಲಿಗೆ ಬಂದ ಕೈ ನಿಂತಿತು.

"ನೋಡಿ," ಅಂದರು, ಈಗ ನಗದೆ.

ಉಸಿರು ಬಿಟ್ಟೆ. ಎಲ್ಲರನ್ನೂ ನೋಡುವ ಹಾಗೆ, ದಿನಾ ನೋಡುವ ಹಾಗೆ ನೋಡಿದೆ.

"ಏನಾದ್ರೂ ಉಂಟಾ?"

"ಇಲ್ಲ."

"ನಿಜಾನಾ? ಹೋದ ವರ್ಷದ ಹಾಗಲ್ಲ ತಾನೇ?"

ಆಫೀಸರ ನಿಯಮ ಮರೆತು ಅವರ ಮುಖ ನೋಡಿದೆ.

"ಅವತ್ತು ಮನೆಗೆ ಹೋಗಿ ಧೈರ್ಯ ಮಾಡಿ ನಾನೇ ಮುಟ್ಟಿ ನೋಡಿದ್ದೆ," ಅಂದರು. "ಅಷ್ಟೇ ಇತ್ತು. ಇಷ್ಟು ಹೆದರೋ ಹುಡುಗಿ ಸುಳ್ಳು ಹೇಳ್ಬೇಕಾದ್ರೆ ಏನೋ ಇರ್ಬೇಕು ಅಂತ ಹೊರಟೆ. ಈಗ ನಿಜ ಹೇಳಿ."

ಇನ್ನೊಮ್ಮೆ ನೋಡಿದೆ, ಮೊದಲಿಗಿಂತ ನಿಧಾನವಾಗಿ. ಹೊರಗೆ ಸಾಲು ಗೊಣಗುತ್ತಿತ್ತು.

"ಇಲ್ಲ. ನಿಜವಾಗಿಯೂ ಇಲ್ಲ."

ಅವರು ಸೆರಗು ಸರಿ ಮಾಡಿಕೊಂಡು ಪರದೆ ಸರಿಸಿದರು. "ನಾಳೆನೂ ನೋಡಿ," ಅಂದು ಬಸ್ಸಿನ ಕಡೆಗೆ ನಡೆದರು. ನಾನು ಉಸಿರು ಬಿಟ್ಟೆ. ಕೈಯನ್ನು ಸೀರೆಯ ನೆರಿಗೆಗೆ ಒರೆಸಿಕೊಂಡು, ಮುಂದಿನವರನ್ನು ಕರೆದೆ.