ಅಂಕ ಹೇಳದ ವಿಜ್ಞಾನದ ಸರ್

ನಮ್ಮ ವಿಜ್ಞಾನದ ಸರ್ ಅವರ ಉಗುರುಗಳಿಗೆ ಯಾವಾಗಲೂ ಬಣ್ಣ ಹತ್ತಿರುತ್ತಿತ್ತು. ಒಂದು ದಿನ ನೀಲಿ, ಇನ್ನೊಂದು ದಿನ ಕಡುಗೆಂಪು. ಇಳಕಲ್ಲಿನ ಆ ಶಾಲೆಯಲ್ಲಿ ಅರ್ಧಕ್ಕರ್ಧ ನಾವು ಮಗ್ಗದ ಮನೆಯ ಮಕ್ಕಳು. ನಮ್ಮಿಂದಲೇ ನೂಲು ತರಿಸಿ, ತರಗತಿಯಲ್ಲೇ ಬಣ್ಣಕ್ಕೆ ಅದ್ದಿಸಿ ಆಮ್ಲ, ಪ್ರತ್ಯಾಮ್ಲ ಕಲಿಸುತ್ತಿದ್ದರು. ಅಷ್ಟಕ್ಕೇ ಬಿಟ್ಟಿದ್ದರೆ ಪುಣ್ಯ. ಗಣಿತದ ಮಾಸ್ತರರನ್ನು ಕರೆತಂದು ನಮ್ಮ ಮನೆಯಲ್ಲಿ ನೇಯುವ ಸೀರೆಯ ಅಂಚಿನ ಪಟ್ಟಿಗಳಲ್ಲಿ ಅನುಪಾತ ತೆಗೆಸುವರು, ಕನ್ನಡದ ಟೀಚರಿಗೆ ಹೇಳಿ ಅದರ ಮೇಲೆಯೇ ಪ್ರಬಂಧ ಬರೆಸುವರು. ಮನೆಯಲ್ಲೂ ಸೀರೆ, ಶಾಲೆಯಲ್ಲೂ ಸೀರೆ. ನನಗೆ ತಲೆ ಚಿಟ್ಟು ಹಿಡಿದುಹೋಗುತ್ತಿತ್ತು.

ಅದಕ್ಕಿಂತ ದೊಡ್ಡ ಕಾಟ ಅಂಕಗಳದ್ದು. ಕೆಲಸ ಮುಗಿದ ಮೇಲೆ ಒಬ್ಬೊಬ್ಬರೇ ಎದ್ದು ನಿಂತು, ಏನು ತಿಳಿಯಿತು, ಏನು ತಿಳಿಯಲಿಲ್ಲ ಎಂದು ವಿವರಿಸಿ, ನಮ್ಮ ಅಂಕ ನಾವೇ ಹೇಳಬೇಕು. ಒಪ್ಪದವರು ಕಾರಣ ಕೊಟ್ಟು ವಾದಿಸಬಹುದು. ಮೊದಲ ಸಲ ನಾವೆಲ್ಲ ಸೊನ್ನೆ ಹೇಳಿದೆವು. ಸೆರಗಿನ ಎಳೆಗೂ ಒಡಲಿನ ಎಳೆಗೂ ಹಾಕುವ ಕೊಂಡಿ ಒಂದು ಸಡಿಲವಾದರೂ ಇಡೀ ಸೀರೆ ಕೆಟ್ಟಿತೆಂದು ಕೇಳಿ ಬೆಳೆದವರು ನಾವು. ಅಂದು ನಮ್ಮ ನೂಲಿಗೆ ಅಲ್ಲಲ್ಲಿ ಬಣ್ಣ ಹಿಡಿದಿರಲಿಲ್ಲ. ಸರ್ ಹಣೆ ಚಚ್ಚಿಕೊಂಡರು.

"ತಪ್ಪಿದ್ದು ಹೇಳಿದ್ರಿ, ಚಲೋ ಆತು. ಬಂದದ್ದು ಯಾರು ಹೇಳ್ಬೇಕು?"

ಮತ್ತೆ ಮೊದಲಿನಿಂದ ಶುರು. ಬೆಲ್ ಹೊಡೆದರೂ ಬಿಡಲಿಲ್ಲ. ಸಂಬಳ ಅವರಿಗೆ, ಅಂಕ ಹಾಕುವ ಚಾಕರಿ ನಮಗೆ ಎಂದು ನಾನು ಗೊಣಗಿದೆ.

ಹತ್ತನೆಯ ತರಗತಿ ಮುಗಿಯುವ ಹೊತ್ತಿಗೆ ಅಪ್ಪ ಶಾಲೆಗೆ ಬಂದ. ನಾನು ಬಾಗಲಕೋಟೆಗೆ ಹೋಗಿ ವಿದ್ಯಾಗಿರಿಯ ಕಾಲೇಜಿನಲ್ಲಿ ವಿಜ್ಞಾನ ಓದಬೇಕೆಂದು ಹಟ ಹಿಡಿದಿದ್ದೆ. ಸರ್ ಹೂಂ ಅಂದರೆ ಕಾಲೇಜು, ಇಲ್ಲವಾದರೆ ಮಗ್ಗ ಎಂದು ಅಪ್ಪ ಹೇಳಿಬಿಟ್ಟಿದ್ದ. ಸರ್ ಒಂದು ಒಳ್ಳೆಯ ಮಾತಾಡಿದ್ದರೆ ಸಾಕಿತ್ತು. ಹುಡುಗಿಯ ತಲೆಗೆ ವಿಜ್ಞಾನ ಹತ್ತುತ್ತದೆಯೇ ಎಂದು ಅಪ್ಪ ಕೇಳಿದ.

"ಆಕಿನ್ನ ಕೇಳ್ರಿ," ಅಂದರು ಸರ್.

ಅಪ್ಪನ ಮುಖ ಗಂಟಿಕ್ಕಿತು. ಮಾಸ್ತರರು ಹಿಂಜರಿದರೆಂದರೆ ಮಗಳು ದಡ್ಡಿ ಎಂದೇ ಅವನ ಲೆಕ್ಕ. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಆದರೆ ಬಾಯಿಗೆ ರೂಢಿ ಬಿದ್ದಿತ್ತು.

"ರಸಾಯನ ಬರ್ತೈತಿ ಅಪ್ಪಾ, ಲೆಕ್ಕಾನೂ ಬರ್ತೈತಿ. ಕರೆಂಟಿನ ಪಾಠ ಇನ್ನೂ ಪೂರಾ ತಿಳಿದಿಲ್ಲ, ಅದನ್ನ ಭಾಳ ಓದಬೇಕಾಗ್ತೈತಿ. ಓದ್ತೇನಿ."

ಬಾರದ್ದು ಯಾವುದೆಂದು ಇಷ್ಟು ನೆಟ್ಟಗೆ ಗೊತ್ತಿದ್ದರೆ ಹೋಗಲಿ ಎಂದು ಅಪ್ಪ ಸರ್‌ಗೆ ಹೇಳಿ ಎದ್ದ.

ಸರ್ ಹೋದ ವರ್ಷ ತೀರಿಕೊಂಡರು. ಈಗ ನಾನೂ ಕಾಲೇಜಿನಲ್ಲಿ ರಸಾಯನ ಕಲಿಸುತ್ತೇನೆ. ಸುದ್ದಿ ಕೇಳಿ ಹೋಗಿ ಹುನಗುಂದದಲ್ಲಿ ಅವರ ಮನೆಯ ಮುಂದೆ ನಿಂತಾಗ ದುಃಖಕ್ಕಿಂತ ಮೊದಲು ಸಿಟ್ಟೇ ಬಂತು. ಅಂದು ಅಪ್ಪನ ಮುಂದೆ ನನ್ನನ್ನು ಜಾಣೆ ಅನ್ನಲು ಈ ಮನುಷ್ಯನಿಗೆ ಏನಾಗಿತ್ತು? ಅಂದಿದ್ದರೆ ಅಪ್ಪ ಅವರ ಮಾತಿನ ಮೇಲೆ ನನ್ನನ್ನು ಕಳಿಸುತ್ತಿದ್ದ. ಮೊದಲ ವರ್ಷ ಭೌತಶಾಸ್ತ್ರದಲ್ಲಿ ನಾನು ನಾಪಾಸಾದಾಗ ಅವರನ್ನು ಬೈದು ನನ್ನನ್ನು ಮನೆಗೆ ಕರೆತರುತ್ತಿದ್ದ. ನಾನು ಹೋದದ್ದು ನನ್ನ ಮಾತಿನ ಮೇಲೆ. ನಾಪಾಸಾದ ದಿನ, ಫೋನ್ ಮಾಡಿದ ನನಗೆ ಅಪ್ಪ ಹೇಳಿದ್ದಿಷ್ಟೇ:

"ಕರೆಂಟಿನ ಪಾಠ ಹೌದಲ್ಲ? ಅದನ್ನ ನೀ ಮೊದಲ ಹೇಳಿದ್ದಿ. ಮತ್ತ ಓದು."